ಸಣ್ಣ ಗೀಟಿಗೆ ಒಂದು ಕುಟ್ಟು

ಅವರ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಚರ್ಮ ಗಟ್ಟಿಯಾಗಿ, ಕಡಲೆಕಾಳಿನಷ್ಟು ದಪ್ಪ ಕಟ್ಟಿತ್ತು. ಹೋದ ತಿಂಗಳು ಅವರು ತೀರಿಕೊಂಡರೆಂದು ತಿಳಿದು ಸನತ್‌ನಗರದ ಮನೆಗೆ ಹೋದಾಗ ನನ್ನ ಕಣ್ಣು ಮುಖಕ್ಕಿಂತ ಮೊದಲು ಆ ಬೆರಳಿಗೆ ಹೋಯಿತು. ಅವರ ಯಜಮಾನರು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಿಂದ ನಿವೃತ್ತರಾದವರು, ಬಂದವರಿಗೆಲ್ಲ ಕುರ್ಚಿ ತೋರಿಸುತ್ತ ನಿಂತಿದ್ದರು. ಮಾತೆಲ್ಲ ಹೆಂಡತಿಯ ಪಾಲಿಗೆ ಬಿಟ್ಟುಕೊಟ್ಟಿದ್ದ ಮನುಷ್ಯ. ಇನ್ನು ಮುಂದೆ ಹೇಗೋ ಎಂದು ನನಗೆ ನಿಜವಾಗಿ ಚಿಂತೆಯಾಯಿತು.

ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಬೀದರ್, ಕಲಬುರಗಿ ಕಡೆ ಶಾಲೆಯ ಮೇಡಂಗೆ ಹಾಗೆನ್ನುವುದು ರೂಢಿ. ಮದುವೆಗೆ ಮುಂಚೆ ಭಾಲ್ಕಿ ಹತ್ತಿರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರಂತೆ. ಆಫೀಸಿನ ತೆಲುಗರು, ಉರ್ದು ಮಾತಾಡುವವರು ಅದನ್ನೇ ಹೆಸರೆಂದು ತಿಳಿದು 'ಅಕ್ಕೋರ್ ಮೇಡಂ' ಎಂದು ಕರೆಯುತ್ತಿದ್ದರು. ಅವರು ಅದನ್ನು ತಿದ್ದಲು ಹೋಗಲಿಲ್ಲ. ದಿನವಿಡೀ ತಿದ್ದುವುದೇ ಕೆಲಸವಾದವರಿಗೆ ಸಂಜೆಯ ಹೊತ್ತಿಗೆ ಅಷ್ಟು ಉದಾರತೆ ಬಂದುಬಿಡುತ್ತದೆ.

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಮುಂದೆ ಕೂತವರೆಲ್ಲ ಸಾಫ್ಟ್‌ವೇರ್‌ನವರು ಎಂದು ನಮ್ಮ ಬಂಧುಗಳು ನಂಬಿದ್ದರು, ನಾವೂ ಆ ನಂಬಿಕೆಗೆ ಧಕ್ಕೆ ತಂದಿರಲಿಲ್ಲ. ನಿಜವಾಗಿ ನಮ್ಮ ಕಂಪನಿಯ ಕೆಲಸ ಹಳೇ ಪ್ರೆಸ್ಸಿನದೇ. ಹೊರದೇಶದ ಪ್ರಕಾಶಕರು ವೈದ್ಯಕೀಯ ಪುಸ್ತಕಗಳ ಹಸ್ತಪ್ರತಿ ಕಳಿಸುವರು. ನಾವು ಅಕ್ಷರ ಜೋಡಿಸಿ, ಪುಟ ಕಟ್ಟಿ, ತಪ್ಪು ತಿದ್ದಿ ತಿರುಗಿ ಕಳಿಸುವೆವು. ಮೊದಲು ಸನತ್‌ನಗರದ ಒಂದು ಹಳೇ ಶೆಡ್ಡಿನಲ್ಲಿದ್ದ ಕಂಪನಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಮಣಿಕೊಂಡದ ಹೊಸ ಕಟ್ಟಡಕ್ಕೆ ಹೋಯಿತು. ನಾನು ಸೇರಿದ್ದು ಅಲ್ಲಿ. ರಾಯಚೂರಿನಿಂದ ಇಂಗ್ಲಿಷ್ ಎಂ.ಎ. ಹಿಡಿದುಕೊಂಡು ಬಂದ ಹುಡುಗಿ, ತಲೆ ಸ್ವಲ್ಪ ಮೇಲೇ ಇತ್ತು.

ಅಲ್ಲಿ ನನ್ನ ತಲೆ ತಿನ್ನುತ್ತಿದ್ದದ್ದು ಅಂಕಿಗಳ ನಡುವಿನ ಗೀಟುಗಳು. ಐದರಿಂದ ಹತ್ತು ವರ್ಷದ ಮಕ್ಕಳು ಎನ್ನುವುದನ್ನು ಇಂಗ್ಲಿಷಿನವರು ಬರೆಯುವ ರೀತಿಯನ್ನು ಕನ್ನಡದಲ್ಲಿ ತೋರಿಸುವುದಾದರೆ '5–10-ವರ್ಷದ ಮಕ್ಕಳು' ಎಂದಾಗುತ್ತದೆ. ಐದಕ್ಕೂ ಹತ್ತಕ್ಕೂ ನಡುವೆ ಉದ್ದ ಗೀಟು, ಹತ್ತಕ್ಕೂ ವರ್ಷಕ್ಕೂ ನಡುವೆ ಸಣ್ಣ ಗೀಟು. ಒಬ್ಬ ಪ್ರಕಾಶಕನಿಗೆ ಉದ್ದ ಗೀಟು ಬೇಡ, 'ರಿಂದ' ಎಂದು ಅಕ್ಷರದಲ್ಲೇ ಬರೆಯಬೇಕು. ಇನ್ನೊಬ್ಬನಿಗೆ ಐದರ ಪಕ್ಕದಲ್ಲೂ ಒಂದು ಸಣ್ಣ ಗೀಟು ಗಾಳಿಯಲ್ಲಿ ತೂಗಾಡುತ್ತಿರಬೇಕು. ಮೊದಲ ವಾರವೇ ನಾನು ಕೈಚೆಲ್ಲಿ ಕೂತಾಗ ಅಕ್ಕೋರು ಬಂದು ಪಕ್ಕದಲ್ಲಿ ಕೂತರು.

"ಬೀದರ್‌ಗೆ ಹೋಗೋ ಬಸ್ ನೋಡೀಯಿಲ್ಲೋ? ಉದ್ದ ಗೀಟು ಅಂದ್ರ ದಾರಿ. ಈ ಊರಿಂದ ಆ ಊರಿಗೆ. ಸಣ್ಣದು ಅಂದ್ರ ಕೊಂಡಿ, ರೈಲಿನ ಡಬ್ಬಿಗೆ ಡಬ್ಬಿ ಹಾಕ್ತಾರಲ್ಲ, ಅದು. ದಾರಿ ಇದ್ದಲ್ಲಿ ಕೊಂಡಿ ಹಾಕಬ್ಯಾಡ, ಕೊಂಡಿ ಇರೋದು ಬಿಚ್ಚಬ್ಯಾಡ. ಮುಗೀತು."

ಆಮೇಲೆ ನಗುತ್ತ ಹೇಳಿದರು: "ಪಾಪ, ಅವರಿಗೆ ನಾಕೈದು, ಏಳೆಂಟು ಅನ್ನಾಕ ಬರಂಗಿಲ್ಲ ನೋಡು. ಅದಕ್ಕ ಗೀಟು ಹೊಡೀತಾರ."

ಪುಟದಲ್ಲಿ ಈ ಅಂದಾಜಿನ ಅಂಕಿಗಳಿಗೆ ಅಷ್ಟು ಮರ್ಯಾದೆ ಕೊಡುತ್ತಿದ್ದವರು ಮಾತಿನಲ್ಲಿ ಯಾರಿಗೂ ಅದರ ಸಲಿಗೆ ಕೊಡುತ್ತಿರಲಿಲ್ಲ. ಕೊಳಾಯಿ ರಿಪೇರಿಯವನು ದೋ-ತೀನ್ ದಿನದಲ್ಲಿ ಬರುತ್ತೇನೆ ಎಂದರೆ, "ದೋ ಯಾ ತೀನ್?" ಎಂದು ಬಾಗಿಲಲ್ಲೇ ಅಡ್ಡ ನಿಲ್ಲುವರು. ಪರ್‌ಸೋಂ ಎಂದರೆ ಈ ಊರಿನಲ್ಲಿ ಮೊನ್ನೆಯೂ ಹೌದು, ಹೋದ ದಸರೆಯೂ ಹೌದು. ಆ ಮಾತು ಕಿವಿಗೆ ಬಿದ್ದರೆ ಅವರಿಗೆ ಮೈ ಉರಿಯುತ್ತಿತ್ತು. ತಮ್ಮ ವಯಸ್ಸನ್ನು ಮಾತ್ರ "ಐವತ್ತು ಐವತ್ತೈದು" ಎಂದೇ ಹೇಳುತ್ತಿದ್ದರು. ನಾನು ಕಂಡಂತೆ ಅದು ಬಹಳ ವರ್ಷ ಅಲ್ಲೇ ನಿಂತಿತ್ತು. ಗಂಜಿ ಹಾಕಿದ ಇಳಕಲ್ ಸೀರೆ, ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಸಿ ತಣ್ಣಗಾಯಿತೆಂದು ದಿನಾ ಒಂದು ಜಗಳ. ಜಗಳವಿಲ್ಲದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಅವರ ಕೆಲಸದ ಕ್ರಮ ಮಾತ್ರ ಇಡೀ ಕಂಪನಿಯಲ್ಲಿ ಬೇರೆ. ಉಳಿದವರು ಒಬ್ಬೊಬ್ಬರೇ ಪರದೆ ನೋಡಿ ತಿದ್ದುತ್ತಿದ್ದರೆ, ಅಂಕಿ ಹೆಚ್ಚಿರುವ ಪುಸ್ತಕಗಳನ್ನು ಅವರು ಹಳೇ ಪ್ರೆಸ್ಸಿನವರ ಹಾಗೆ ಜೋಡಿಯಲ್ಲಿ ಓದುತ್ತಿದ್ದರು. ಇವರು ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಎದುರಿಗೆ ಕೂತವರು ಜೋಡಿಸಿದ ಪುಟ ನೋಡುತ್ತ ಕೆಂಪು ಪೆನ್ನಿನಲ್ಲಿ ತಿದ್ದುವುದು. ಎದುರಿಗೆ ಕೂರುತ್ತಿದ್ದವರು ಮೂರ್ತಿಗಾರು. ಉಪ್ಪಲ್‌ನಿಂದ ಎರಡು ಬಸ್ ಬದಲಿಸಿ ಬರುತ್ತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಸಂಕೋಚದ ತೆಲುಗು ಮನುಷ್ಯ. ಓದುವಾಗ ಸಣ್ಣ ಗೀಟು ಬಂದರೆ ಅಕ್ಕೋರು ಬಾಯಲ್ಲಿ ಹೇಳುತ್ತಿರಲಿಲ್ಲ, ಗೆಣ್ಣಿನಿಂದ ಮೇಜಿನ ಮೇಲೆ ಒಮ್ಮೆ ಕುಟ್ಟುವರು. ಉದ್ದ ಗೀಟು ಬಂದರೆ ಅಂಗೈಯನ್ನು ಮೇಜಿನ ಮೇಲೆ ಬರ್‌ ಎಂದು ಎಳೆಯುವರು. "ಐದು", ಬರ್, "ಹತ್ತು", ಟಕ್, "ವರ್ಷದ". ಈ ಸದ್ದು ತಾಳಲಾರದೆ ಉಳಿದವರು ದೂರು ಕೊಟ್ಟು, ಇಬ್ಬರನ್ನೂ ನೆಲಮಹಡಿಯ ಉಗ್ರಾಣದ ಕೋಣೆಗೆ ಸಾಗಹಾಕಲಾಗಿತ್ತು. ಜೋಡಿ ಏಳೆಂಟು ವರ್ಷದ್ದು. ಮೂರ್ತಿಗಾರು ತಿದ್ದಿದ ಪುಟಗಳಲ್ಲಿ ಯಾರೂ ತಪ್ಪು ಹಿಡಿದಿರಲಿಲ್ಲವಾದ್ದರಿಂದ ಕಂಪನಿಯೂ ಸುಮ್ಮನಿತ್ತು.

ಒಂದು ಬೇಸಿಗೆಯಲ್ಲಿ ಮಕ್ಕಳ ಔಷಧಿಯ ಪ್ರಮಾಣ ತಿಳಿಸುವ ಪುಸ್ತಕ ಬಂತು, ದಾದಿಯರಿಗಾಗಿ ಬರೆದದ್ದು. ಪುಟ ತುಂಬ ಅಂಕಿ. ಇಂಥ ತೂಕದ ಮಗುವಿಗೆ ಇಷ್ಟು ಮಿಲಿಲೀಟರ್, ಇಷ್ಟು ಸಲ. ಸಹಜವಾಗಿಯೇ ಅದು ಉಗ್ರಾಣದ ಕೋಣೆಗೆ ಹೋಯಿತು. ತಿದ್ದಿದ ಪುಟಗಳು ಲೇಖಕನಿಗೆ ತಲುಪಿದ ಮೇಲೆ ಅವನಿಂದ ಬಂದ ಇಮೇಲ್ ಓದಿ ನಮ್ಮ ಮ್ಯಾನೇಜರ್ ಬೆವರಿದ. ಮೂಲದಲ್ಲಿ ಇಲ್ಲದ ಸಣ್ಣ ಗೀಟುಗಳು ಪುಸ್ತಕದ ತುಂಬ ಎದ್ದಿದ್ದವು. ಒಂದು ಕಡೆಯಂತೂ, ಹತ್ತು ಮಿಲಿಲೀಟರಿನ ಎರಡು ಡೋಸ್ ಕೊಡಿ ಎಂಬಲ್ಲಿ, ಇಂಗ್ಲಿಷಿನಲ್ಲಿ ಪಕ್ಕಪಕ್ಕ ಬರುವ ಎರಡಕ್ಕೂ ಹತ್ತಕ್ಕೂ ನಡುವೆ ಗೀಟು ಬಿದ್ದು, ಎರಡರಿಂದ ಹತ್ತು ಮಿಲಿಲೀಟರ್ ಕೊಡಿ ಎಂದಾಗಿತ್ತು. ಅಚ್ಚಿಗೆ ಹೋಗುವ ಮೊದಲು ಅವನ ಕಣ್ಣಿಗೆ ಬಿದ್ದದ್ದು ಎಲ್ಲರ ಪುಣ್ಯ.

ಮ್ಯಾನೇಜರ್ ಕೆಟ್ಟವನಲ್ಲ, ವಯಸ್ಸಿನಲ್ಲಿ ಚಿಕ್ಕವನು. ಅಕ್ಕೋರನ್ನು ಕರೆದು, ಹೀಗೇಕಾಯಿತೆಂದು ಎರಡು ದಿನದಲ್ಲಿ ತಿಳಿಸಿ, ಇಲ್ಲವಾದರೆ ಪುಸ್ತಕ ಕೈತಪ್ಪುತ್ತದೆ ಎಂದ. ಗೀಟುಗಳನ್ನು ಹಾಕಿದ್ದು ಮೂರ್ತಿಗಾರು ಅವರ ಕೆಂಪು ಪೆನ್ನೇ. ಆದರೆ ಅವರನ್ನು ಕೇಳಿದರೆ, ಮೇಡಂ ಕುಟ್ಟಿದರು, ನಾನು ಹಾಕಿದೆ ಎನ್ನುತ್ತಾರೆ. ನಾನು ಕುಟ್ಟಿಲ್ಲ ಎಂದು ಅಕ್ಕೋರು. ಇಬ್ಬರೂ ಸುಳ್ಳು ಹೇಳುವವರಲ್ಲ. ಮೂರ್ತಿಗಾರು ಮುಖ ಬಾಡಿಸಿಕೊಂಡು ಬೇಗ ಮನೆಗೆ ಹೋದರು.

ಆ ಮಧ್ಯಾಹ್ನ ನಾನು ಕಾಗದ ತರಲೆಂದು ಉಗ್ರಾಣದ ಕೋಣೆಗೆ ಹೋದೆ. ಅಕ್ಕೋರು ಒಬ್ಬರೇ ಮೂರ್ತಿಗಾರು ಅವರ ಕುರ್ಚಿಯಲ್ಲಿ ಕೂತು, ಎರಡೂ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ ಕಣ್ಣು ಮುಚ್ಚಿಕೊಂಡಿದ್ದರು. ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡಕ್ಕೆಂದು ಬಂಡೆ ಒಡೆಯುತ್ತಿದ್ದರು. ಆ ಕಡೆಯೆಲ್ಲ ಬಂಡೆಯೇ ನೆಲ, ನಮ್ಮ ಕಟ್ಟಡ ಕೂತದ್ದೂ ಅದೇ ಬಂಡೆಯ ಮೇಲೆ. ಯಂತ್ರದ ಉಳಿ ಧಡ್ ಎಂದು ಒಂದು ಏಟು ಹಾಕುವುದು, ನಿಲ್ಲುವುದು, ಮತ್ತೆ ಒಂದು ಏಟು.

"ಇಲ್ಲಿ ಕೈ ಇಡು," ಎಂದರು. ಇಟ್ಟೆ. ಏಟು ಬಿದ್ದಾಗಲೆಲ್ಲ ಮೇಜಿನಲ್ಲಿ ಗೆಣ್ಣಿನಿಂದ ಕುಟ್ಟಿದಂತೆ ಒಂದು ಮಿಡಿತ ಬರುತ್ತಿತ್ತು.

"ಆದರೆ ಅಕ್ಕೋರೆ, ಹೊರಗಿನ ಸದ್ದು ಇಷ್ಟು ಜೋರಾಗಿ ಕೇಳ್ತದಲ್ಲ. ಇದು ಬಂಡೆಯದು ಅಂತ ಯಾರಿಗಾದರೂ ಗೊತ್ತಾಗ್ತದೆ," ಎಂದೆ.

"ಕೇಳೋರಿಗೆ ಗೊತ್ತಾಗ್ತದ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರ್ತಿಗಾರು ಅವರಿಗೆ ಕಿವಿ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲ. ಜೋಡಿಯಾದ ಮೊದಲ ವರ್ಷವೇ ಅಕ್ಕೋರು ಅದನ್ನು ಕಂಡುಕೊಂಡಿದ್ದರು. ಮಾತನ್ನು ಅವರು ತುಟಿ ನೋಡಿ, ಎದುರಿನ ಪುಟ ನೋಡಿ ಹೇಗೋ ಹಿಡಿಯುತ್ತಿದ್ದರು. ಗೀಟು ಹಾಗೆ ಹಿಡಿಯಲು ಬರುವ ವಸ್ತುವಲ್ಲ. ಅದಕ್ಕೆ, ಮೇಜಿನ ಮೇಲಿಟ್ಟ ಅವರ ಕೈಗೆ ತಾಗಲೆಂದು, ಈ ಕುಟ್ಟುವ ಏರ್ಪಾಡು, ಅದಕ್ಕೇ ಆ ಗಟ್ಟಿ ದನಿ. ನಾವು ಅದನ್ನೆಲ್ಲ ಹೆಂಗಸಿನ ಖಯಾಲಿ ಎಂದುಕೊಂಡಿದ್ದೆವು.

"ಹೇಳಿದ್ರ ಅವರ ಕೆಲಸಾ ಹೋಗ್ತದ," ಎಂದರು. "ಈಗ ಎಲ್ಲಾ ಫೋನಿನ ಕಾಲ. ಈ ವಯಸ್ಸಿನಾಗ ಕಿವಿ ಕೇಳಂಗಿಲ್ಲ ಅಂದ್ರ ಯಾರು ಒಳಗ ಬಿಟ್ಕೋತಾರ? ಹೇಳಲಿಲ್ಲ ಅಂದ್ರ ಈ ಪುಸ್ತಕದಾಗ ಇನ್ನೂ ಎಷ್ಟ ಗೀಟು ಹಿಂಗ ಬಿದ್ದಾವೋ, ಹಿಂದಿನ ಪುಸ್ತಕದಾಗ ಎಷ್ಟವೋ. ಸಣ್ಣ ಕೂಸುಗಳಿಗೆ ಕುಡಸೋ ಔಷಧಿ ಯವ್ವಾ."

ಕಾಂಪೌಂಡ್ ಗೋಡೆಯ ಆಚೆ ಬಂಡೆ ಒಡೆಯುವ ಕೆಲಸಕ್ಕೆ ಬಂದಿದ್ದವರು ಯಾದಗಿರಿ ಕಡೆಯವರು. ಊಟದ ಹೊತ್ತಿಗೆ ಅಕ್ಕೋರು ಅವರೊಡನೆ ಗೋಡೆಯ ಮೇಲಿಂದ ಮಾತಾಡುವುದಿತ್ತು, ರೊಟ್ಟಿಗೆ ಖಾರಬ್ಯಾಳಿ ಬದಲಾಯಿಸಿಕೊಳ್ಳುವುದೂ ಇತ್ತು. ಅಂದು ಹೋಗಿ ಅಲ್ಲಿನ ಒಬ್ಬ ಹೆಂಗಸನ್ನು ಈ ಯಂತ್ರ ಯಾವಾಗ ಬಂತು ಎಂದು ಕೇಳಿದರು. "ಯುಗಾದಿ ಆದ್ ಮರುದಿನಾ ಬಂತ್ರಿ ಅಕ್ಕೋರ. ಮುಂಜಾನೆ ತೂತಾ ಹೊಡೀತಾರ, ಊಟ ಆದ್ ಮ್ಯಾಲ ಏಟು ಹಾಕ್ತಾರ," ಎಂದಳು ಅವಳು. ಅಕ್ಕೋರು ಒಳಗೆ ಬಂದು, ಓದಿದ ದಿನ, ಹೊತ್ತನ್ನು ಅಂಚಿನಲ್ಲಿ ಬರೆದಿಟ್ಟಿದ್ದ ಪುಟಗಳನ್ನು ತಿರುವಿದರು. ಯುಗಾದಿಗೆ ಮುಂಚಿನ ಪುಟಗಳಲ್ಲಿ ಒಂದೂ ತಪ್ಪಿಲ್ಲ. ಆಮೇಲಿನವುಗಳಲ್ಲೂ ಬೆಳಿಗ್ಗೆ ಓದಿದ ಪುಟ ಸರಿ, ಮಧ್ಯಾಹ್ನ ಓದಿದ್ದರಲ್ಲಿ ಗೀಟುಗಳ ಸಂತೆ. ಅವರು ಪುಟಗಳನ್ನು ಮುಚ್ಚಿಟ್ಟು, ಮೂರ್ತಿಗಾರು ಅವರ ಕೆಂಪು ಪೆನ್ನನ್ನು ಅದರ ಜಾಗದಲ್ಲೇ ಇಟ್ಟರು.

ಮರುದಿನ ಬೆಳಿಗ್ಗೆ ಮೂರ್ತಿಗಾರು ಬಂದು ಕೂತ ಮೇಲೆ ನನ್ನನ್ನೂ ಒಳಗೆ ಕರೆದರು. ಸಾಕ್ಷಿಗೋ, ಧೈರ್ಯಕ್ಕೋ, ಕೇಳಲಿಲ್ಲ. ಅವರ ಎದುರಿಗೆ ನಿಂತು, ತುಟಿ ಚೆನ್ನಾಗಿ ಕಾಣುವಂತೆ, ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ನಿಮಗೆ ಕೇಳಿಸುವುದಿಲ್ಲ ಎಂದು ನನಗೆ ಮೊದಲಿನಿಂದ ಗೊತ್ತು, ಅದನ್ನು ಇವತ್ತು ನಾನು ಮ್ಯಾನೇಜರ್‌ಗೆ ಹೇಳಬೇಕು. ಮಧ್ಯಾಹ್ನದವರೆಗೆ ಕಾಯುತ್ತೇನೆ. ನೀವೇ ಹೇಳಿದರೆ ಒಳ್ಳೆಯದು, ನಾನೂ ಜೊತೆಗೆ ಬರುತ್ತೇನೆ.

ಮೂರ್ತಿಗಾರು ಅವರ ಮುಖ ಕೆಂಪಾಯಿತು. ಕೆಂಪು ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟು, ಊಟದ ಚೀಲ ತೆಗೆದುಕೊಂಡು ಹೊರಗೆ ಹೋದರು. ಬಸ್ ಸ್ಟಾಪಿನವರೆಗೆ ನಾನು ಹಿಂದೆ ಹೋದೆ, ಅವರು ತಿರುಗಿ ನೋಡಲಿಲ್ಲ. ಕೆಲಸದ ಹೆದರಿಕೆ ಎಂದುಕೊಂಡೆ.

ಅಕ್ಕೋರು ಮಧ್ಯಾಹ್ನದವರೆಗೆ ಕಾದು, ಹೋಗಿ ಹೇಳಿದರು. ನಾವು ಅಂದುಕೊಂಡಂತೆ ಆಗಲಿಲ್ಲ. ಮ್ಯಾನೇಜರ್ ಸಿಟ್ಟಾಗಲಿಲ್ಲ. ಪುಸ್ತಕವನ್ನೆಲ್ಲ ಮತ್ತೆ ಓದಿಸಿ ಕಳಿಸಿ ಕ್ಷಮೆ ಕೇಳಿದ, ಪುಸ್ತಕ ಉಳಿಯಿತು. ಮೂರ್ತಿಗಾರು ಬೇಕಾದರೆ ಒಬ್ಬರೇ ಕೂತು ಕಣ್ಣಿನಲ್ಲಿ ಹೋಲಿಸಿ ನೋಡುವ ಕೆಲಸ ಮಾಡಲಿ ಎಂದು ಮನೆಗೆ ಹೇಳಿಕಳಿಸಿದ. ಬರಲಿಲ್ಲ. ಮತ್ತೆ ಹೇಳಿಕಳಿಸಿದ. ಬರುವುದಿಲ್ಲ ಎಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದರು. ಅಕ್ಕೋರು ಫೋನ್ ಮಾಡಿದಾಗಲೂ ಆಕೆಯೇ ಎತ್ತುತ್ತಿದ್ದರು, ಮಲಗಿದ್ದಾರೆ ಎನ್ನುತ್ತಿದ್ದರು. ಎಲ್ಲ ಹೊತ್ತಿನಲ್ಲೂ ಮಲಗಿದ್ದಾರೆ. ಅಕ್ಕೋರಿಗೆ ಇದು ನುಂಗಲಾರದ ತುತ್ತಾಯಿತು. ಎಸಿಯ ಬಗ್ಗೆ ಜಗಳ ನಿಂತಿತು. ಡಬ್ಬಿಯ ರೊಟ್ಟಿ ಅರ್ಧ ಉಳಿಯುತ್ತಿತ್ತು.

ಚಳಿಗಾಲದ ಒಂದು ಭಾನುವಾರ, "ಉಪ್ಪಲ್‌ಗೆ ಕರ್ಕೊಂಡ ಹೋಗ್ತೀಯೇನು?" ಎಂದರು. ನನ್ನ ಸ್ಕೂಟಿಯ ಹಿಂದೆ ಅವರನ್ನು ಕೂರಿಸಿಕೊಂಡು ಊರಿನ ಈ ತುದಿಯಿಂದ ಆ ತುದಿಗೆ ಹೋದೆ. ಬಾಗಿಲು ತೆರೆದದ್ದು ಮೂರ್ತಿಗಾರು. ಕಿವಿಯ ಹಿಂದೆ ಮೈಬಣ್ಣದ ಸಣ್ಣ ಯಂತ್ರವಿತ್ತು. ಒಳಗೆ ಮಗನ ಮಗಳು ಮಗ್ಗಿ ಹೇಳುತ್ತಿದ್ದಳು, ತಪ್ಪಿದಾಗ ಅವರು ಇಲ್ಲಿಂದಲೇ ತಿದ್ದಿದರು. ಅಕ್ಕೋರ ಮುಖ ಅರಳಿತು.

"ಛಲೋ ಆತ್ರಿ. ಕೇಳಾಕತ್ತದಲ್ಲ, ಭಾಳ ಛಲೋ ಆತು," ಎಂದು ಸಂತೋಷದಲ್ಲಿ ಕನ್ನಡದಲ್ಲೇ ಹೇಳಿಬಿಟ್ಟರು.

ಮೂರ್ತಿಗಾರು ನಮ್ಮನ್ನು ಕೂರಿಸಿದರು, ಚಹಾ ಬಂತು. ಆಮೇಲೆ ಅವರು ತೆಲುಗಿನಲ್ಲಿ ಹೇಳಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೆಲಸ ಹೋಯಿತು ಅಂತ ನನಗೆ ಸಿಟ್ಟಿಲ್ಲ ಅಮ್ಮಾ. ನೀವು ಹೇಳಿದ್ದು ಸರಿ. ಮಕ್ಕಳ ಔಷಧಿ ಅದು. ಆದರೆ ನಿಮಗೆ ಮೊದಲಿನಿಂದ ಗೊತ್ತಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ಮೇಜು ಕುಟ್ಟೋದು ನಿಮ್ಮ ಅಭ್ಯಾಸ ಅಂದುಕೊಂಡಿದ್ದೆ. ಯಾರಿಗೂ ಗೊತ್ತಾಗದ ಹಾಗೆ ನಾನೇ ಸಂಭಾಳಿಸಿಕೊಂಡು ಹೋಗ್ತಿದ್ದೇನೆ, ಯಂತ್ರಗಿಂತ್ರ ಏನೂ ಬೇಡ ಅಂದುಕೊಂಡಿದ್ದೆ."

ಅಕ್ಕೋರು ಏನೋ ಹೇಳಲು ಬಾಯಿ ತೆರೆದರು. ಮೂರ್ತಿಗಾರು ಕೈ ಅಡ್ಡ ಹಿಡಿದರು.

"ಮೊದಲನೇ ವರ್ಷವೇ ಮುಖಕ್ಕೆ ಹೇಳಿದ್ದರೆ ಸಿಟ್ಟಾಗುತ್ತಿದ್ದೆ. ಒಂದು ತಿಂಗಳು ಮಾತು ಬಿಡುತ್ತಿದ್ದೆ. ಆಮೇಲೆ ಇದನ್ನು ಹಾಕಿಸಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ನನ್ನ ಮಗಳು ಮದುವೆಯಾಗಿ ಹೊರಡುವಾಗ ಕಾರಿನ ಹತ್ತಿರ ನಿಂತು ನನಗೆ ಏನೋ ಹೇಳಿದಳು. ಅಳುತ್ತಿದ್ದಳು, ತುಟಿ ಗೊತ್ತಾಗಲಿಲ್ಲ. ಆಯ್ತಮ್ಮ, ಆಯ್ತಮ್ಮ ಅಂತ ತಲೆ ಆಡಿಸಿದೆ. ಏನು ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಈಗ ಕೇಳಿದರೆ, ಅವತ್ತು ಕೇಳಿಸಿರಲಿಲ್ಲವಾ ಅಂತ ಅವಳು ಮತ್ತೆ ಅಳುತ್ತಾಳೆ."

ಒಳಗೆ ಮಗ್ಗಿ ನಡೆದೇ ಇತ್ತು. ಅಕ್ಕೋರು "ಖರೆ ಐತ್ರಿ" ಎಂದರು. ಎದ್ದು ಮೂರ್ತಿಗಾರು ಅವರ ಹೆಂಡತಿಗೆ ಕೈಮುಗಿದು ಹೊರಗೆ ಬಂದರು. ಮೂರ್ತಿಗಾರು ಗೇಟಿನವರೆಗೆ ಬಂದರು, ಮತ್ತೆ ಬನ್ನಿ ಎಂದರು. ಅದು ಬಾಯಿಮಾತಿಗೆ ಹೇಳಿದ್ದೋ, ನಿಜವಾಗಿ ಹೇಳಿದ್ದೋ ನನಗೆ ತಿಳಿಯಲಿಲ್ಲ. ಆಮೇಲೆ ಅಕ್ಕೋರು ಹೋಗಿಬಂದದ್ದುಂಟು, ಅವರು ಬಂದದ್ದೂ ಉಂಟು.

ಮನೆಯ ಮುಂದೆ ಇಳಿದಾಗ ಅಕ್ಕೋರು ಹೇಳಿದರು: "ನಾ ಅವರ ಮರ್ಯಾದಿ ಕಾಯಾಕತ್ತೀನಿ ಅಂತ ತಿಳದಿದ್ದೆ ನೋಡು. ಖರೆ ಅಂದ್ರ ಅವರು ನೊಂದ್ಕೊಳ್ಳೋದನ್ನ ನೋಡಾಕ ನನಗ ಧೈರ್ಯ ಇದ್ದಿದ್ದಿಲ್ಲ."

ನಾನು ಸಮಾಧಾನ ಹೇಳಲು ಹೋದೆ. ನೀವು ಒಳ್ಳೆಯದಕ್ಕೇ ಮಾಡಿದಿರಿ ಎಂದೇನೋ ಅಂದೆ. ಅವರು ನನ್ನನ್ನು ಒಂದು ರೀತಿ ನೋಡಿ ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ನಾನು ಬರುವ ಮೊದಲೇ ನನ್ನ ಮೇಜಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಂದೆ ನಾನು ಹಿಂದಿನ ವಾರ ತಿದ್ದಿ ಮುಗಿಸಿದ್ದ ಪುಟಗಳು. ನಾನು ಹಸಿರು ಪೆನ್ನಿನಲ್ಲಿ ತಿದ್ದುವವಳು. ನನ್ನ ಹಸಿರಿನ ಸುತ್ತಮುತ್ತ, ಮೇಲೆ ಕೆಳಗೆ, ಪುಟದ ತುಂಬ ಕೆಂಪು.

"ನೀ ಬಂದಾಗಿಂದ ನಿನ್ನ ಪುಟಾ ನಾ ಇನ್ನೊಮ್ಮೆ ನೋಡೇ ಮುಂದ ಕಳಸಾಕತ್ತೀನಿ," ಎಂದರು. "ನೀ ಹೋದ ಮ್ಯಾಲ, ಸಂಜಿಮುಂದ. ನಿನಗ ಹೇಳಿದ್ದಿಲ್ಲ."

ನನ್ನ ಪುಟಗಳಲ್ಲಿ ತಪ್ಪಿಲ್ಲವೆಂದು ಮ್ಯಾನೇಜರ್ ಎರಡು ಸಲ ಎಲ್ಲರ ಮುಂದೆ ಹೊಗಳಿದ್ದ. ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದೆ.

"ಯಾಕೆ ಹೇಳಲಿಲ್ಲ?" ಎಂದೆ.

"ನೀ ಅಳ್ತಿ ಅಂತ."

ನಾನು ಅತ್ತೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಅವಮಾನದಲ್ಲಿ ಅವರನ್ನು ಆ ಕ್ಷಣ ದ್ವೇಷಿಸಿದೆ. ಅಕ್ಕೋರು ಬೆನ್ನು ಸವರಲಿಲ್ಲ, ಇರಲಿ ಬಿಡು ಎನ್ನಲಿಲ್ಲ. ಅವರ ಕಣ್ಣಲ್ಲೂ ನೀರಿತ್ತು, ಆದರೆ ಮುಖ ಆಚೆ ತಿರುಗಿಸದೆ ನನ್ನನ್ನೇ ನೋಡುತ್ತ ಕೂತಿದ್ದರು. ನನ್ನ ಬಿಕ್ಕು ನಿಂತ ಮೇಲೆ ಮೊದಲನೆಯ ಪುಟವನ್ನು ನನ್ನ ಕಡೆ ಸರಿಸಿದರು.

"ಮುಗೀತೇನು? ಹಂಗಾದ್ರ ಇಲ್ಲಿಂದ ಓದು."